ಗಾಳಿ ಬಿಡಿಸಿದ ದೋಣಿ

ಆಗಸ್ಟ್ 3, ಶನಿವಾರ. ಭೀಮಸಮುದ್ರ

ಸಾರಿ. ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಯಾರಲ್ಲಿ ಅಂತ ಗೊತ್ತಿಲ್ಲ. ಊಟಿಯ ಹಾಸ್ಟೆಲಿನಲ್ಲಿ ನಮ್ಮ ಡೈರಿಗಳನ್ನು ಮೇಟ್ರನ್ ಓದುತ್ತಿದ್ದರು. ಅದಕ್ಕೇ ಪ್ರತಿ ಪುಟವನ್ನೂ "ಸಾರಿ" ಎಂದು ಶುರು ಮಾಡುವುದು ಅಭ್ಯಾಸವಾಗಿದೆ. ಈ ಡೈರಿಯನ್ನು ಕನ್ನಡದಲ್ಲಿ ಬರೆಯುತ್ತೇನೆ, ಏಕೆಂದರೆ ಮೇಟ್ರನ್‌ಗೆ ಕನ್ನಡ ಬರುವುದಿಲ್ಲ. ನನಗೂ ಅಷ್ಟೇನೂ ಬರುವುದಿಲ್ಲ, ಆದರೆ ಅದು ಬೇರೆ ಪ್ರಾಬ್ಲಮ್.

ಇವತ್ತಿನ ಪ್ಯಾನಿಕ್ ಏನೆಂದರೆ, ನಾನು ಒಂದು ಹಾಯಿದೋಣಿಯ ಓನರ್ ಆಗಿದ್ದೇನೆ.

ದೋಣಿ ದೊಡ್ಡಪ್ಪನದು. ದೊಡ್ಡಪ್ಪ ಪಂಚಾಕ್ಷರಪ್ಪ ನೇವಿಯಲ್ಲಿ ಸ್ಟೋರ್ ಗುಮಾಸ್ತರಾಗಿದ್ದವರು. ಹಡಗಿಗೆ ಸೋಪು, ಬೇಳೆ ಲೆಕ್ಕ ಮಾಡಿ ಕಳಿಸಿದ್ದಾರೆಯೇ ಹೊರತು ಹಡಗು ಹತ್ತಿದ್ದು ಕಡಿಮೆ. ರಿಟೈರ್ ಆದಮೇಲೆ ಆಸೆ ತಡೆಯದೆ ಮುಂಬೈನಿಂದ ಹದಿನಾರು ಅಡಿಯ ದೋಣಿಯನ್ನು ಅದರದೇ ಟ್ರೇಲರ್ ಸಮೇತ ತಂದು ನಮ್ಮ ಅಡಿಕೆ ಕಣದಲ್ಲಿ ನಿಲ್ಲಿಸಿದರು. "ನಮ್ಮೂರಿನ ಹೆಸರಲ್ಲೇ ಸಮುದ್ರ ಐತೆ, ನಂಗೇನು ಕಮ್ಮಿ?" ಅನ್ನುವುದು ಅವರ ವಾದ. ದೋಣಿಯ ನಡುವೆ ಇಬ್ಬರು ಮಲಗುವಷ್ಟು ಗೂಡು ಇದೆ. ಶನಿವಾರ ವಾಣಿವಿಲಾಸ ಸಾಗರಕ್ಕೆ ಇಳಿಯುವುದು, ರಾತ್ರಿ ಗೂಡಿನಲ್ಲಿ ಮಲಗುವುದು, ಭಾನುವಾರ ನೀರಿನ ಮೇಲೇ ಉಪ್ಪಿಟ್ಟು ಮಾಡಿಕೊಂಡು ತಿನ್ನುವುದು, ಇದು ಪ್ಲಾನ್. ಪರ್ಮಿಷನ್ ಕೂಡ ತೆಗೆದುಕೊಂಡಿದ್ದರು. ಆದರೆ ಜೂನ್‌ನಲ್ಲಿ ಕಣದಲ್ಲೇ ದೋಣಿಯಿಂದ ಬಿದ್ದು ಕಾಲು ಮುರಿಯಿತು. ಒಂದು ಹನಿ ನೀರು ಕಾಣದೆ ದೋಣಿಯಿಂದ ಬಿದ್ದವರು ನಮ್ಮ ದೊಡ್ಡಪ್ಪ. ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ.

ಅಲ್ಲಿಂದ ಫೋನ್ ಮಾಡಿ, "ಲೇ ಗಂಗಾ, ಇನ್ಮೇಲೆ ದೋಣಿ ನಿಂದು," ಅಂದರು.

"ನನ್ನದೇಕೆ ದೊಡ್ಡಪ್ಪ?"

"ಅದನ್ನ ನಡೆಸೋ ಪುಸ್ತಕ ಪೂರ್ತಿ ಇಂಗ್ಲಿಷ್‌ನಾಗೈತೆ. ನಮ್ಮ ಮನೇಲಿ ಇಂಗ್ಲಿಷ್ ಓದೋಳು ನೀನೊಬ್ಬಳೇ."

ಹೀಗೆ ಕ್ಯಾಪ್ಟನ್ ಆದೆ. ಅಪ್ಪಾಜಿ ಪಕ್ಕದಲ್ಲೇ ಇದ್ದರು. ಅವರು ಅಡಿಕೆ ಮಂಡಿಯವರು, ಮಾತನ್ನೂ ತೂಗಿ ಇಡುತ್ತಾರೆ. "ಗಣಪತಿ ಹಬ್ಬದ ಹೊತ್ತಿಗೆ ನಂಗೆ ಕಣ ಖಾಲಿ ಬೇಕಮ್ಮ. ಕೊಯ್ಲು ಶುರುವಾಗ್ತೈತೆ. ಅಷ್ಟ್ರೊಳಗೆ ನಿನ್ನ ದೋಣಿ ಸಾಗರದ ಈ ದಡದಿಂದ ಆ ದಡ ಮುಟ್ಟಲಿ, ಅದಕ್ಕೊಂದು ಶೆಡ್ ಹಾಕಿಸ್ಕೊಡ್ತೀನಿ. ಇಲ್ಲಾಂದ್ರೆ ಶಿವಕುಮಾರಪ್ಪ ತಗಂಡೋಗ್ಲಿ."

ಶಿವಕುಮಾರಪ್ಪ ಹೊಳಲ್ಕೆರೆಯಲ್ಲಿ ಶಾಮಿಯಾನ ಬಾಡಿಗೆ ಕೊಡುವವರು. ದೋಣಿಯನ್ನು ಉದ್ದಕ್ಕೆ ಸೀಳಿ ಮದುವೆ ಸ್ಟೇಜ್ ಮಾಡುತ್ತಾರಂತೆ. "ಗಂಡು ಹೆಣ್ಣು ಇದ್ರಾಗೆ ಕುಂತ್ರೆ ಫೋಟೋ ಹೆಂಗೆ ಬರ್ತೈತೆ ನೋಡ್ರಿ!"

ನಿಜ ಹೇಳಬೇಕೆಂದರೆ ಅವರೇ ತೆಗೆದುಕೊಂಡು ಹೋಗಲಿ ಎಂದು ದೇವರಿಗೆ ಕೈ ಮುಗಿದೆ. ಈ ಚಿತ್ರದುರ್ಗದ ಕಾಲೇಜು ಬೇಡ, ಬೆಂಗಳೂರಿನ ಕಾಲೇಜಿಗೆ ಬದಲಾಯಿಸಿ ಎಂದೂ ಅಪ್ಪಾಜಿಯನ್ನು ಮತ್ತೆ ಕೇಳಿದೆ. "ನೋಡಾಣ" ಅಂದರು. ಅವರ "ನೋಡಾಣ"ಕ್ಕೆ ಅರ್ಥ ಏನು ಎಂದು ಇಡೀ ಸಂಜೆ ಯೋಚಿಸಿದೆ.

ಆಗಸ್ಟ್ 6, ಮಂಗಳವಾರ. ಚಿತ್ರದುರ್ಗ, ಹಾಸ್ಟೆಲ್

ಬೆಳಿಗ್ಗೆ ಬಾತ್‌ರೂಮಿನ ಕ್ಯೂನಲ್ಲಿ "ನೀರು ಬರುತ್ತಿದೆಯೇ?" ಎಂದು ಕೇಳಿದೆ. ಸೀನಿಯರ್‌ಗಳು ನಕ್ಕು ನಕ್ಕು ಬಕೆಟ್ ಬೀಳಿಸಿದರು. ವಾರ್ತೆ ಓದುವವಳಂತೆ ಮಾತಾಡುತ್ತೇನಂತೆ, ಈಗ ನನ್ನ ಹೆಸರು ದೂರದರ್ಶನ. ಲ್ಯಾಬಿನಲ್ಲಿ ಸರ್ ಏನೋ ಕೇಳಿದರು, ಉತ್ತರ ಗೊತ್ತಿತ್ತು, ಮತ್ತೆ ನಗುತ್ತಾರೆಂದು ಚೀಟಿಯಲ್ಲಿ ಬರೆದು ಕೊಟ್ಟೆ. ಬೆಂಗಳೂರು, ಬೆಂಗಳೂರು, ಬೆಂಗಳೂರು.

ಆಗಸ್ಟ್ 10, ಶನಿವಾರ. ಭೀಮಸಮುದ್ರ

ದೋಣಿಯ ಗೂಡಿನೊಳಗೆ ಒಬ್ಬರು ಮಲಗಿದ್ದರು. ಕಿರುಚಿದೆ. ನಮ್ಮ ಟ್ರ್ಯಾಕ್ಟರ್ ಡ್ರೈವರ್ ಓಬಣ್ಣ. ಜೂನ್‌ನಿಂದ ದಿನಾ ಮಧ್ಯಾಹ್ನ ಅಲ್ಲೇ ಮಲಗುತ್ತಾರಂತೆ. "ತಂಪಾಗಿರ್ತೈತೆ ಕಣವ್ವ. ದೊಡ್ಡಗೌಡ್ರು ಒಳ್ಳೇ ಸಾಮಾನು ತಂದವ್ರೆ."

ಹಾಯಿ ಬಿಚ್ಚಿ ನೋಡಿದರೆ ಇಲಿ ತಿಂದ ತೂತು, ತಟ್ಟೆಯಷ್ಟು ಅಗಲ. ಪುಸ್ತಕದಲ್ಲಿ ಕೂಡಲೇ ಹೊಲಿಸಿ ಎಂದಿದೆ. ಓಬಣ್ಣನಿಗೆ ಹೇಳಿದೆ: "ಅರ್ಜೆಂಟಾಗಿ ಒಂದು ಟೇಲರ್ ಬೇಕು. ಎಲ್ಲಿದ್ದರೂ ತೆಗೆದುಕೊಂಡು ಬನ್ನಿ."

"ಇನ್ನೊಂದಾ?" ಅಂದರು.

"ಹೌದು, ಇಲ್ಲಿ ಯಾವುದೂ ಇಲ್ಲವಲ್ಲ."

ತಲೆ ಕೆರೆದುಕೊಂಡು ಹೋದರು. ಮಧ್ಯಾಹ್ನ ದಾಟಿದ ಮೇಲೆ ಧಡಧಡ ಸದ್ದು. ಬಿ.ದುರ್ಗದ ಯಾರದೋ ದೊಡ್ಡ ಟ್ರ್ಯಾಕ್ಟರ್ ಟ್ರೇಲರ್ ಅನ್ನು ಎಳೆದುಕೊಂಡು ಬಂದಿದ್ದರು. ಕಬ್ಬಿಣದ್ದು. ಹಿಂದೆ "ತಾಯಿಯ ಆಶೀರ್ವಾದ" ಎಂದು ಬರೆದಿತ್ತು.

"ದೋಣಿಗೆ ಟೇಲರ್ ಐತಲ್ಲ, ಇನ್ನೊಂದ್ಯಾಕೆ ಅಂತ ನಾನೂ ಅಂದ್ಕಂಡೆ," ಅಂದರು ಓಬಣ್ಣ. "ಓದಿದೋರು, ಏನೋ ಲೆಕ್ಕ ಇರ್ಬೌದು ಅಂತ ಸುಮ್ನಾದೆ."

ಇಲ್ಲಿ ಎಳೆಯುವ ಬಂಡಿಗೂ ಟೇಲರ್, ಬಟ್ಟೆ ಹೊಲಿಯುವವನಿಗೂ ಟೇಲರ್. ಹೊಲಿಯುವವನಾದರೆ "ಒಬ್ಬ", ಎಳೆಯುವುದಾದರೆ "ಒಂದು". ಇಷ್ಟೇ ವ್ಯತ್ಯಾಸ, ಅದರಲ್ಲೇ ನಾನು ಬಿದ್ದೆ. ಅಪ್ಪಾಜಿ ಮಂಡಿಯಲ್ಲಿ ಎಲ್ಲರಿಗೂ ಹೇಳಿ ನಗುತ್ತಿದ್ದಾರೆ.

ಸಂಜೆ ನಿಜವಾದ ಟೇಲರ್ ಈರಬಸಪ್ಪನ ಹತ್ತಿರ ಹೋದೆವು. ತೇಪೆಗೆ ನೀರು ಹಿಡಿಯದ ಬಟ್ಟೆ ಬೇಕು ಅಂದರು. ನನ್ನ ಊಟಿಯ ನೀಲಿ ರೇನ್‌ಕೋಟ್ ಕೊಟ್ಟೆ. ಹೊಲಿದು ಕೊಟ್ಟಮೇಲೆ ನೋಡಿದರೆ ನನ್ನ ಲಾಂಡ್ರಿ ನಂಬರ್ 47 ಹಾಯಿಯ ಮೇಲೆ ದೊಡ್ಡದಾಗಿ ಕಾಣುತ್ತಿದೆ. ಹಾಯಿಗೆ ನಂಬರ್ ಇರಲೇಬೇಕೆಂದು ಪುಸ್ತಕದಲ್ಲೂ ಇದೆ. ಚೆನ್ನಾಗಾಯಿತು.

ಆಗಸ್ಟ್ 15, ಗುರುವಾರ. ಭೀಮಸಮುದ್ರ

ಧ್ವಜ ಏರಿಸಿದ ಮೇಲೆ ನಾವು ಹಾಯಿ ಏರಿಸಿದೆವು. ನಮ್ಮೂರ ಕೆರೆಯಲ್ಲಿ. ದೊಡ್ಡಪ್ಪ ವಿಡಿಯೋ ಕಾಲ್‌ನಲ್ಲಿ ಕೂಗುತ್ತಿದ್ದರು, ಅರ್ಧ ಕೇಳಿಸಲಿಲ್ಲ. ಎರಡು ಸಲ ನೀರಿಗೆ ಬಿದ್ದೆ. ಈಜು ಬರುತ್ತದೆ, ಜಾಕೆಟ್ ಇತ್ತು. ಮೂರನೇ ಸಲ ಗಾಳಿ ಹಾಯಿಯನ್ನು ಹಿಡಿಯಿತು, ದೋಣಿ ವಾಲಿ ತಾನೇ ಹೊರಟಿತು. ಸದ್ದೇ ಇಲ್ಲ! ಕೆರೆ ಏರಿಯ ಮೇಲೆ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ತಾವರೆ ಬಳ್ಳಿಗೆ ಸಿಕ್ಕಿಹಾಕಿಕೊಂಡೆವು.

ನಾಳಿದ್ದು ಸಾಗರಕ್ಕೆ. ಇಂಟರ್ನಲ್ಸ್ ಯಾವತ್ತು ಅಂತ ನೋಡಬೇಕು.

ಆಗಸ್ಟ್ 17, ಶನಿವಾರ

ಇದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ದೋಣಿ ಇಳಿಸಲು ಒಂದೇ ಒಳ್ಳೆಯ ಜಾಗ ಇದೆ. ಉಳಿದ ಕಡೆ ಬಂಡೆ, ಇಲ್ಲವೇ ಕೆಸರು. ಆ ಇಳಿಜಾರು ಓಬಣ್ಣನಿಗೆ ಪರಿಚಯದ ಉಚ್ಚಂಗಮ್ಮ ಎಂಬ ಅಜ್ಜಿಯ ಹೊಲದ ತುದಿ. ಅಜ್ಜಿ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಏನವ್ವ ಇದು, ಇದ್ರ ಇಂಜಿನ್ ಎಲ್ಲೈತೆ?"

"ಇಂಜಿನ್ ಇಲ್ಲ ಅಜ್ಜಿ. ಗಾಳಿ ಹಿಡಿದರೆ ತಾನೇ ಹೋಗುತ್ತೆ."

ಸುಣ್ಣದ ಬೆರಳು ನಿಂತಿತು. "ಏನು ಹಿಡಿದ್ರೆ?"

"ಗಾಳಿ. ಇದಕ್ಕೆ ಬೇಗ ಹಿಡಿಯುತ್ತೆ. ಮೊನ್ನೆ ನಮ್ಮೂರ ಕೆರೆಯಲ್ಲೇ ಹಿಡಿದಿತ್ತು."

"ಹಿಡಿದ್ರೆ ಹೆಂಗಾಡ್ತೈತೆ?"

ಯಾರಾದರೂ ಇಷ್ಟು ಆಸಕ್ತಿಯಿಂದ ನನ್ನ ಮಾತು ಕೇಳಿದ್ದೇ ಮೊದಲು. ಖುಷಿಯಾಗಿ ವಿವರಿಸಿದೆ. "ಮೊದಲು ಮೈಯೆಲ್ಲ ಪಟಪಟ ನಡುಗುತ್ತೆ. ಆಮೇಲೆ ಒಂದು ಕಡೆ ವಾಲುತ್ತೆ. ಜೋರಾಗಿ ಹಿಡಿದರೆ ಒಬ್ಬರ ಕೈಲಿ ತಡೆಯೋಕೆ ಆಗಲ್ಲ, ಇಬ್ಬರು ಹಗ್ಗ ಹಾಕಿ ಎಳೆದು ಹಿಡಿಯಬೇಕು."

"ಕೂಗ್ತೈತಾ?"

"ಒಂದೊಂದು ಸಲ ಶಿಳ್ಳೆ ಹಾಕುತ್ತೆ!"

"ಹತ್ರ ಇದ್ದೋರಿಗೆ?"

"ತಲೆ ತಿರುಗುತ್ತೆ. ಕೆಲವರಿಗೆ ವಾಂತಿ ಬರುತ್ತೆ."

"ಬಿಡ್ಸಾದು ಹೆಂಗೆ?"

"ಹಗ್ಗ ಸಡಿಲ ಮಾಡಿದರೆ ಗಾಳಿ ಬಿಟ್ಟುಹೋಗುತ್ತೆ, ಸುಮ್ಮನೆ ನಿಂತುಕೊಳ್ಳುತ್ತೆ."

ಅಜ್ಜಿ ಎದ್ದು ನಿಂತರು. "ಲೇ ಓಬಣ್ಣ! ತಿರುಗ್ಸು ಟ್ಯಾಕ್ಟರ್‌ನ. ಹರೇದ ಹುಡುಗೀನ ಜೊತೇಲಿಟ್ಕಂಡು, ಗಾಳಿ ಹಿಡಿದಿರಾ ಸಾಮಾನು ಎಳ್ಕಂಡು ಊರೂರು ತಿರುಗ್ತೀಯಲ್ಲ, ಬುದ್ಧಿ ಐತೇನಲೇ ನಿಂಗೆ? ಗಾಳಿ ಬಿಡಿಸ್ಕಂಡು ಬರ್ರಿ, ಆಮೇಲೆ ಹೊಲದಾಗೆ ಕಾಲಿಡ್ರಿ."

ಓಬಣ್ಣ ಹೊಸದುರ್ಗ ಬರುವವರೆಗೂ ನಗುತ್ತಲೇ ಇದ್ದರು. ಟೀ ಅಂಗಡಿಯಲ್ಲಿ ಉಸಿರು ತಿರುಗಿದ ಮೇಲೆ ಹೇಳಿದರು: "ಗಾಳಿ ಹಿಡಿಯಾದು ಅಂದ್ರೆ ದೆವ್ವ ಹಿಡಿಯಾದು ಕಣವ್ವ."

"ಗೊತ್ತಿದ್ದೂ ನೀವ್ಯಾಕೆ ಬಾಯಿ ಬಿಡಲಿಲ್ಲ?"

"ನೀವು ಅಷ್ಟು ಚಂದಾಗಿ ಹೇಳ್ತಿದ್ರಿ. ಮಧ್ಯ ಬಾಯಿ ಹಾಕಾಕೆ ಮನಸ್ಸಾಗ್ಲಿಲ್ಲ."

ಆಗಸ್ಟ್ 20, ಮಂಗಳವಾರ. ಹಾಸ್ಟೆಲ್

ರೂಮಿನ ಕಿಟಕಿಯಿಂದ ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ ಮಾಡುವ ದೊಡ್ಡ ಫ್ಯಾನುಗಳು ಕಾಣುತ್ತವೆ. ತಿರುಗುತ್ತಿದ್ದರೆ ಸಾಗರದಲ್ಲೂ ಗಾಳಿ ಇರುತ್ತದೆ. ಇಷ್ಟು ದಿನ ಈ ಕಿಟಕಿಗೆ ಬಟ್ಟೆ ಒಣಹಾಕುತ್ತಿದ್ದೆ. ಇವತ್ತು ಜೋರಾಗಿ ತಿರುಗುತ್ತಿವೆ. ಕ್ಲಾಸಿನಲ್ಲಿ ಸರ್ "ಅಲ್ಲೇನಮ್ಮ ಕಾಣ್ತಿದೆ?" ಅಂದರು. "ಫ್ಯಾನು ಸರ್" ಅಂದೆ. ಎಲ್ಲರೂ ಮೇಲಿನ ಸೀಲಿಂಗ್ ಫ್ಯಾನ್ ನೋಡಿದರು. ಅದು ಕೆಟ್ಟು ತಿಂಗಳಾಗಿದೆ.

ಆಗಸ್ಟ್ 25, ಭಾನುವಾರ

ಜವನಗೊಂಡನಹಳ್ಳಿಯ ಕಾಟಪ್ಪ ಹೈವೇ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅಮಾವಾಸ್ಯೆ, ಮಂಗಳವಾರ ಜನಕ್ಕೆ, ದನಕ್ಕೆ ಗಾಳಿ ಬಿಡಿಸುತ್ತಾನೆ. "ಹಾಕಾದೂ ನಾನೇ, ಬಿಡ್ಸಾದೂ ನಾನೇ" ಅನ್ನುತ್ತಾನೆ. ನಮಗೋಸ್ಕರ ಭಾನುವಾರವೇ ಬಂದ. ಉಚ್ಚಂಗಮ್ಮಜ್ಜಿಯನ್ನು ಒಪ್ಪಿಸಲು ಬೇರೆ ದಾರಿ ಇರಲಿಲ್ಲ.

ಅಜ್ಜಿಯ ಹೊಲದಲ್ಲಿ ಊರೇ ಸೇರಿತ್ತು. ಅಪ್ಪಾಜಿ ಬಂದಿದ್ದರು. ಅವರ ಹಿಂದೆ ಅಳತೆ ಟೇಪು ಹಿಡಿದು ಶಿವಕುಮಾರಪ್ಪ.

ಕಾಟಪ್ಪ ಹಾಯಿ ಕಟ್ಟುವ ಕಂಬಕ್ಕೆ ಬೇವಿನ ಸೊಪ್ಪು ಕಟ್ಟಿದ, ದೋಣಿಯ ಮೂತಿಗೆ ನಿಂಬೆಹಣ್ಣು ಚುಚ್ಚಿದ, ಇನ್ನೊಂದು ಬೇವಿನ ಬರಲಿನಿಂದ ದೋಣಿಯ ಬೆನ್ನಿಗೆ ರಪರಪ ಬಾರಿಸಿದ. "ಹೇಳು! ಯಾರು ನೀನು? ಎಲ್ಲಿಂದ ಬಂದೆ?"

ದೋಣಿಯ ಒಳಗಿನಿಂದ ಗೊಗ್ಗರು ದನಿ: "ಭೀಮಸಮುದ್ರದಿಂದ."

ಜನ ಚೆಲ್ಲಾಪಿಲ್ಲಿ. ಶಿವಕುಮಾರಪ್ಪ ಟೇಪು ಬಿಸಾಡಿ ಓಡಿದ್ದು ರಾಗಿ ಹೊಲದ ಆಚೆ ತುದಿಯವರೆಗೆ. ಕಾಟಪ್ಪನೇ ನಾಲ್ಕು ಹೆಜ್ಜೆ ಹಿಂದೆ ಹಾರಿದ. ಇಷ್ಟು ವರ್ಷದಲ್ಲಿ ಅವನಿಗೆ ಮೊದಲ ಸಲ ಉತ್ತರ ಸಿಕ್ಕಿತ್ತು ಅಂತ ಕಾಣುತ್ತೆ. ಗೂಡಿನಿಂದ ಓಬಣ್ಣ ಕಣ್ಣುಜ್ಜಿಕೊಂಡು ತಲೆ ಹೊರಗೆ ಹಾಕಿದರು. "ಯಾಕ್ರಪ್ಪ, ಬಡೀತೀರಾ? ಮಲಗಿದ್ದೆ."

ನಗು ನಿಂತ ಮೇಲೆ ಕಾಟಪ್ಪ ಗಂಟಲು ಸರಿ ಮಾಡಿಕೊಂಡು, "ಬಿಟ್ತು," ಎಂದು ಘೋಷಿಸಿದ. ದೋಣಿ ಇಳಿಸಿದೆವು. ಹಾಯಿ ಏರಿಸಿದೆ.

ಬಿಟ್ಟೇ ಬಿಟ್ಟಿತ್ತು. ಒಂದು ಎಲೆ ಅಲ್ಲಾಡಲಿಲ್ಲ. ಗುಡ್ಡದ ಮೇಲೆ ಫ್ಯಾನುಗಳು ಕೈ ಚಾಚಿಕೊಂಡು ನಿಂತಿದ್ದವು. ಹಾಯಿ ಒಣಹಾಕಿದ ಲುಂಗಿಯಂತೆ ಜೋತುಬಿತ್ತು. ನೀರ ಮೇಲೆ ನಾನು, ನಂಬರ್ 47, ಒಂದು ನಿಂಬೆಹಣ್ಣು.

"ಕಾಟಪ್ಪನ ಕೈ ಅಂದ್ರೆ ಕೈ," ಅಂದಿತು ಜನ.

"ಸ್ಟೇಜು ಹಿಂಗೇ ಅಲ್ಲಾಡ್ದಂಗೆ ನಿಂತ್ಕಬೇಕು," ಅಂದರು ಹೊಲದಿಂದ ವಾಪಸ್ ಬಂದ ಶಿವಕುಮಾರಪ್ಪ. "ಫಸ್ಟ್ ಕ್ಲಾಸ್!"

ಸಂಜೆವರೆಗೂ ಕಾದೆ. ಅಪ್ಪಾಜಿ ಟವೆಲ್ ಕೊಟ್ಟು, "ಆತು ಬಿಡಮ್ಮ. ದೋಣಿ ಇಲ್ಲೇ ಇರ್ಲಿ. ಹಬ್ಬದ ದಿನ ಬೆಳಿಗ್ಗೆ ಅವ್ನು ಲಾರಿ ತರ್ತಾನೆ," ಅಂದರು. ಕಣ್ಣಿಗೆ ಬೇವಿನ ಸೊಪ್ಪಿನ ರಸ ಬಿದ್ದಿತ್ತು, ಅದಕ್ಕೇ ಟವೆಲ್ ಬೇಕಾಯಿತು. ನನ್ನ ದೋಣಿಯನ್ನು ಸೀಳುತ್ತಾರಂತೆ. ಸೀಳಲಿ ನೋಡೋಣ.

ಆಗಸ್ಟ್ 28, ಬುಧವಾರ. ಹಾಸ್ಟೆಲ್

ಮೊದಲು ಕಾಟಪ್ಪನಿಗೆ ಫೋನ್ ಮಾಡಿ, ಗಾಳಿ ವಾಪಸ್ ಹಾಕು ಮಾರಾಯ ಅಂದೆ. "ಹಾಕಾದು ಟೈರಿಗೆ ಮಾತ್ರ ಅವ್ವ. ದೋಣಿಗೆ ಹಾಕಾ ವಿದ್ಯೆ ನಮ್ಮ ಮನೆತನದಾಗಿಲ್ಲ" ಅಂದ.

ಫ್ಯಾನು ತಿರುಗಿದರೂ ಏನು ಉಪಯೋಗ? ಗಾಳಿ ಬಿಡಿಸಿದ ದೋಣಿಯನ್ನು ಮತ್ತೆ ಗಾಳಿಗೆ ಒಡ್ಡಲು ಉಚ್ಚಂಗಮ್ಮಜ್ಜಿ ಬಿಡಬೇಕಲ್ಲ.

ರಾತ್ರಿ ಊಟಕ್ಕೆ ಕೂತಾಗ ಸೀನಿಯರ್‌ಗಳಿಗೆ ಇದೆಲ್ಲ ಹೇಳಿದೆ, ಕಾಟಪ್ಪ ಹಾರಿದ್ದನ್ನು ಎದ್ದು ನಿಂತು ಮಾಡಿಯೂ ತೋರಿಸಿದೆ. ಸಾಂಬಾರ್ ಆರಿತು. ಅಡುಗೆಯವರೂ ಸೌಟು ಹಿಡಿದು ಬಂದು ನಿಂತರು. ದೂರದರ್ಶನ ಅಂತ ಹೆಸರಿಟ್ಟವಳೇ ಕೊನೆಗೆ ಕೇಳಿದಳು: "ಅದೆಲ್ಲ ಸರಿ ಕಣೇ, ಬಿಟ್ಟ ಗಾಳಿ ಎಲ್ಲಿಗೆ ಹೋತು?"

ಎಲ್ಲಿಗೆ ಹೋತು!

ಆಗಸ್ಟ್ 31, ಶನಿವಾರ

ಹೊಸದುರ್ಗದ ಬಸ್ಸಿನಲ್ಲಿ ಬಾಗಿಲಲ್ಲೇ ನಿಂತು ಹೋದೆ. ಸೀಟು ಸಿಗಲಿಲ್ಲ. ಆಮೇಲೆ ಆಟೋ, ಆಮೇಲೆ ನಡಿಗೆ. ಅಜ್ಜಿ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕಿತ್ತೆ. ರಾಗಿಯನ್ನೂ ಕಿತ್ತೆ, ಬೈಸಿಕೊಂಡೆ. ಆಮೇಲೆ ಮೆಲ್ಲಗೆ ಶುರು ಮಾಡಿದೆ.

"ಅಜ್ಜಿ, ಕಾಟಪ್ಪ ಬಿಡಿಸಿದ ಗಾಳಿ ಎಲ್ಲಿಗೆ ಹೋತು ಅಂತ ಕೇಳಿದ್ರೇನು?"

"ಎಲ್ಲಿಗೋತು?"

"ದೋಣಿ ನಿಂತಿದ್ದು ನಿಮ್ಮ ಹೊಲದಾಗೆ. ಬಿಡ್ಸಿದ್ದು ನಿಮ್ಮ ಹೊಲದಾಗೆ. ಅವ್ನು ಬೈಕ್ ಹತ್ತಿ ಹೋದ. ಅದು ಬಸ್ ಹತ್ತಿ ಹೋಗ್ತೈತಾ?"

ಅಜ್ಜಿ ನನ್ನ ಮುಖವನ್ನೇ ನೋಡಿದರು. ತುಟಿಯ ಒಂದು ತುದಿ ಮೇಲಕ್ಕೆ ಹೋಗಿ ಇಳಿಯಿತು. "ಹಂಗಾರೆ ಏನ್ ಮಾಡಾಣ ಅಂತೀಯ, ಕಾಲೇಜವ್ವ?"

"ತಿರುಗ ದೋಣಿಗೇ ಹತ್ತಿಸಿ, ಆ ದಡಕ್ಕೆ ಒಯ್ದು ಬಿಟ್ಟು ಬರಾಣ."

"ಆ ದಡಕ್ಕಾ?" ಅಜ್ಜಿ ಕಣ್ಣಿಗೆ ಕೈ ಮರೆಮಾಡಿ ನೀರಿನಾಚೆ ನೋಡಿದರು. "ಅಗಾ, ಆ ಹುಣಸೆಮರ ಕಾಣ್ತೈತಲ್ಲ, ಅದು ನನ್ನ ತವರು. ನಮ್ಮಣ್ಣ ಬೀರಪ್ಪನ ಮನೆ. ಪ್ರತಿ ಪಂಚಮಿಗೂ ಕರಿಯಾಕೆ ಬರ್ತಿದ್ದ. ಈ ಸಲ ಬರ್ಲಿಲ್ಲ. ನಮ್ಮತ್ತಿಗೆ ಏಕನಾಥಮ್ಮನ ಜೊತೆ ಒಂದು ಕುರಿಮರಿ ವಿಷ್ಯಕ್ಕೆ ಮಾತಾಗಿತ್ತು."

"ಹೌದಾ."

"ಗಾಳೀನ ಅವ್ಳ ಹಿತ್ಲಾಗೇ ಬಿಡಾಣ."

"ಬಿಡಾಣ."

"ಸರಿಯಾಗಿ ಬಿಟ್ರೋ ಇಲ್ವೋ ನೋಡಾಕೆ ನಾನೂ ಬರ್ತೀನಿ."

"ಬರ್ರಿ."

"ಹೊಸ ಸೀರೆ ಉಟ್ಕಂತೀನಿ."

"ಗಾಳಿ ಬಿಡಾಕೆ ಹೊಸ ಸೀರೆ ಯಾಕಜ್ಜಿ?"

"ನೀನು ದೋಣಿ ನೋಡ್ಕ."

ಸೆಪ್ಟೆಂಬರ್ 1, ಭಾನುವಾರ. ಆ ದಡ

ಬೀರಪ್ಪಜ್ಜನ ಜಗಲಿ ಮೇಲೆ ಕುಂತು ಬರೀತಾ ಇದೀನಿ. ಕೈಯೆಲ್ಲ ಹಗ್ಗ ಉಜ್ಜಿ ಬೊಬ್ಬೆ.

ಬೆಳಿಗ್ಗೆ ಫ್ಯಾನು ಗಿರಗಿರ ತಿರುಗ್ತಿದ್ವು. ಊರೋರೆಲ್ಲ ಸೇರಿ ದೋಣಿ ತಳ್ಳಿದ್ರು, ಗಾಳಿ ಹೊಲದಿಂದ ಹೋದ್ರೆ ಸಾಕು ಅಂತ. ಅಜ್ಜಿಗೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ರೆ, "ಇದ್ಯಾವ ಸೀಮೆ ರವಿಕೆ?" ಅಂದ್ರು. ಓಬಣ್ಣನ್ನ ದಡದಲ್ಲೇ ಬಿಟ್ವಿ. ಒಳಗೆ ಬಿಟ್ರೆ ಮಲಗ್ತಾರೆ.

ನಡುನೀರಿಗೆ ಬಂದಾಗ ಹಿಡೀತು. ಹಾಯಿ ಪಟಪಟ ನಡುಗ್ತು, ದೋಣಿ ವಾಲ್ತು, ಕಂಬದ ಹಗ್ಗ ಶಿಳ್ಳೆ ಹಾಕ್ತು. "ಅಜ್ಜಿ, ಈ ಕಡೆ ಬರ್ರಿ! ಹಗ್ಗ ಬಿಡಬ್ಯಾಡ್ರಿ! ಕುಂತ್ಕಳ್ರಿ!" ಅಂತ ಕೂಗಿದೆ. ನನ್ನ ದನಿ ಗುಡ್ಡಕ್ಕೆ ಬಡಿದು ವಾಪಸ್ ಬಂತು. ಅಜ್ಜಿ ಎರಡೂ ಕೈಯಾಗೆ ಹಗ್ಗ ಹಿಡ್ಕಂಡು, ಸೆರಗು ಹಾರಿಸ್ಕಂಡು, "ಹಿಡೀತು! ಹಿಡೀತು ಕಣೇ! ಇನ್ನೂ ಜೋರಾಗಿ ಹಿಡೀಲಿ!" ಅಂತ ನಂಗಿಂತ ಜೋರಾಗಿ ಕೂಗಿದ್ರು.

ಹುಣಸೆಮರದ ಕೆಳಗೆ ಬಟ್ಟೆ ಒಗೀತಿದ್ದ ಏಕನಾಥಮ್ಮಜ್ಜಿ, ನೀರಿನ ಮೇಲಿಂದ ಕಿತ್ತಳೆ ಬಣ್ಣದ ನಾದಿನಿ ಬರಾದು ನೋಡಿ, ಬಟ್ಟೆ ಬಿಟ್ಟು ಮನೆಗೆ ಓಡಿದ್ರು. ಬಾಗಿಲು ಹಾಕ್ಕಂತಾರೆ ಅಂದ್ಕಂಡೆ. ಆರತಿ ತಟ್ಟೆ ಹಿಡ್ಕಂಡು ವಾಪಸ್ ಬಂದ್ರು.

"ಕರೀಲಿಲ್ಲ ಅಂದ್ರೂ ಬಂದ್ಯಲ್ಲೇ!"

"ನಿನ್ನ ನೋಡಾಕೆ ಬಂದಿಲ್ಲ ನಾನು. ಕೆಲ್ಸ ಇತ್ತು."

ಇಬ್ರೂ ಅತ್ರು. ಆಮೇಲೆ ಕುರಿಮರಿ ವಿಷ್ಯಕ್ಕೆ ಮತ್ತೆ ಜಗಳ ಆಡಿದ್ರು. ಆಮೇಲೆ ಹೋಳಿಗೆ ತಟ್ಟಿದ್ರು. ನಾನು ನಾಲ್ಕು ತಿಂದೆ.

ಊಟ ಆಗಿ ನೋಡಿದ್ರೆ ಫ್ಯಾನು ನಿಂತಾವೆ. ನೀರು ಕನ್ನಡಿ ಥರ ಬಿದ್ದೈತೆ. ಉಚ್ಚಂಗಮ್ಮಜ್ಜಿ ಕಿವಿ ಹತ್ರ ಬಂದು, "ನೋಡ್ದಾ? ಸರಿಯಾಗಿ ಅವ್ಳ ಹಿತ್ಲಾಗೇ ಬಿಡ್ತು," ಅಂದ್ರು. ಅವ್ರಿಗೇನೂ ಅರ್ಜೆಂಟಿಲ್ಲ. ಗಣಪತಿ ಹಬ್ಬ ಮುಗಿಸ್ಕಂಡೇ ಹೋಗ್ತಾರಂತೆ.

ದೊಡ್ಡಪ್ಪಂಗೆ ಫೋಟೋ ಕಳಿಸ್ದೆ. "ಉಪ್ಪಿಟ್ಟು ಆತಾ?" ಅಂತ ಕೇಳಿದಾರೆ. ಈ ರಾತ್ರಿ ಗೂಡಿನಾಗೆ ಮಲಗಿ ಬೆಳಿಗ್ಗೆ ಮಾಡಾಣ ಅಂತಿದೀನಿ, ರವೆ ಇಲ್ಲೇ ಕೊಡ್ತಾರಂತೆ. ಅಪ್ಪಾಜಿಗೆ ಕಳಿಸಿದ್ದನ್ನ ಇಲ್ಲೂ ಬರೆದಿಡ್ತೀನಿ. ನೆಟ್‌ವರ್ಕ್ ಬಂದು ಬಂದು ಹೋಗ್ತೈತೆ.

"ಅಪ್ಪಾಜಿ, ದೋಣಿ ಆ ದಡ ಮುಟ್ತು. ವಾಪಸ್ ಬರ್ಬೇಕು ಅಂತ ನೀವು ಹೇಳಿರ್ಲಿಲ್ಲ, ಬಂದೂ ಇಲ್ಲ. ಶೆಡ್ಡಿಗೆ ಬಾಗಿಲು ಎತ್ತರ ಇಡ್ಸಿ, ಕಂಬ ಉದ್ದ ಐತೆ. ಶಿವಕುಮಾರಪ್ಪನೋರ ಅಳತೆ ಟೇಪು ದೋಣಿಯಾಗೇ ಉಳಿದೈತೆ, ಬಂದ್ಮೇಲೆ ಕೊಡ್ತೀನಿ. ಮಧ್ಯಾಹ್ನ ಫೋನಲ್ಲಿ ಬೆಂಗಳೂರಿನ ಸೀಟಿನ ವಿಷ್ಯ ಏನೋ ಕೇಳಿದ್ರಲ್ಲ, ಸರಿಯಾಗಿ ಕೇಳಿಸ್ಲಿಲ್ಲ, ಅದು ಯಾರಿಗೆ? ನಾಳೆ ಓಬಣ್ಣನ ಕೈಲಿ ಸುತ್ತಿ ಬಳಸಿ ಈ ದಡಕ್ಕೆ ಟೇಲರ್ ಕಳಿಸ್ರಿ. ಒಬ್ಬ ಅಲ್ಲ, ಒಂದು. ಬೇಗ ಉತ್ತರ ಕೊಡ್ರಿ."